ಉಗುರು ಸವೆಸುವ ಮಣ್ಣು

ಭಾನುವಾರ ಸಂಜೆ, ಕತ್ತಲಾಗುವ ಹೊತ್ತು. ಹಿತ್ತಿಲಿನ ಮೆಟ್ಟಿಲ ಮೇಲೆ ಕೂತಿದ್ದೆ. ತೊಡೆಯ ಮೇಲೆ ಹಳೇ ಟವೆಲ್ಲಿನಲ್ಲಿ ಸುತ್ತಿದ ಬಿಳಿ ಕೋಳಿ, ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡಿದ ಮಗಳು, ನನ್ನ ಕೈಯಲ್ಲಿ ನಾಯಿಗಳಿಗೆಂದು ಮಾರುವ ಉಗುರು ಕತ್ತರಿ. ಅದೇ ಹೊತ್ತಿಗೆ ಊರಿಂದ ಅವ್ವನ ವಿಡಿಯೋ ಕಾಲ್ ಬಂತು. ಮಗಳು ಫೋನನ್ನು ನನ್ನ ಕಡೆ ತಿರುಗಿಸಿದಳು. ಅವ್ವ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ಕೋಳಿ ಕಾಲುಗುರ್ ತೆಗೀತಿದ್ದೀಯೇನ್ಲಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಗತೊಡಗಿದರು. ನಾಗಮಂಗಲದ ಹತ್ತಿರದ ನಮ್ಮ ಊರಿನಲ್ಲಿ ನಲವತ್ತು ವರ್ಷ ಕೋಳಿ ಸಾಕಿದ ಹೆಂಗಸು ಅವರು. ಮಂಕರಿಯಡಿ ಮರಿಗಳನ್ನು ಮುಚ್ಚಿಟ್ಟವರು, ಕೊಕ್ಕರೆ ರೋಗ ಬಂದ ವರ್ಷ ಗೂಡಿಗೆ ಗೂಡೇ ಬರಿದಾದದ್ದನ್ನು ಕಂಡವರು, ಹಬ್ಬಕ್ಕೆ ತಾವೇ ಕೋಳಿ ಕೊಯ್ದವರು. ಎಂಟೆಕ್ ಓದಿ ಪುಣೆ ಸೇರಿದ ಮಗ ಕೋಳಿಯ ಉಗುರು ಕತ್ತರಿಸುತ್ತ ಕೂತದ್ದು ಅವರಿಗೆ ನಗು ತರಿಸಿದ್ದರಲ್ಲಿ ತಪ್ಪೇನೂ ಇಲ್ಲ.

ನಗು ಮುಗಿದ ಮೇಲೆ ಅವರು ಒಂದು ಮಾತು ಹೇಳಿದರು. "ಉಗುರ್ ಬೆಳದದೆ ಅಂದ್ರೆ ಅದು ಮಣ್ ಕಂಡಿಲ್ಲ ಮಗ. ಮಣ್ಣಿಗೆ ಬುಡು. ತಾನಾಗೇ ಸವೀತದೆ." ಕೆಲವು ತಿಂಗಳಿಂದ ಆ ಮಾತಿನ ಜೊತೆಗೇ ಬದುಕುತ್ತಿದ್ದೇನೆ. ಅದು ಎಷ್ಟು ನಿಜ, ಎಲ್ಲಿಗೆ ಸಾಲದಾಗುತ್ತದೆ ಎಂದು ಯೋಚಿಸಲು ಈ ಬರಹ.

ಕೋಳಿಗಳು ಬಂದ ಬಗೆಯನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಅದರಲ್ಲೇ ಒಂದು ತೊಡಕಿದೆ. ನಾವಿರುವುದು ತಳೇಗಾಂವ್ ಕಡೆ, ಹಿಂದೆ ಒಂದಿಷ್ಟು ಹಿತ್ತಿಲಿರುವ ನೆಲಮನೆ. ಒಂದು ಬೆಳಗ್ಗೆ ಮಗಳನ್ನು ಶಾಲೆಗೆ ಬಿಡಲು ಹೊರಟಿದ್ದೆ. ಹಳೇ ಮುಂಬಯಿ ರಸ್ತೆಯಲ್ಲಿ ನಮ್ಮ ಮುಂದೆ ಹೋಗುತ್ತಿದ್ದ ಟೆಂಪೋದಿಂದ ಕೋಳಿ ತುಂಬಿದ ಒಂದು ಪ್ಲಾಸ್ಟಿಕ್ ಕ್ರೇಟು ಜಾರಿ ಬಿತ್ತು. ಕೆಲವು ಅಲ್ಲೇ ಸತ್ತವು. ನಾಲ್ಕು ರಸ್ತೆಯ ಅಂಚಿನಲ್ಲಿ ಕದಲದೆ ಕೂತವು. ಓಡಲಿಲ್ಲ, ಹಾರಲಿಲ್ಲ. ಮಗಳು ಕಾರಿಂದ ಇಳಿದುಬಿಟ್ಟಳು. ಅಷ್ಟರಲ್ಲಿ ಡ್ರೈವರೂ ಹಿಂದಕ್ಕೆ ಬಂದ. "ಮೊಟ್ಟೆ ನಿಂತ ಮಾಲು ಸಾಹೇಬ್ರೆ, ಬೇಕಾದರೆ ತಗೊಳ್ಳಿ" ಎಂದ ಹಿಂದಿಯಲ್ಲಿ. ನಾನೂರು ರೂಪಾಯಿ ಕೊಟ್ಟೆ. ಹೋಗುವಾಗ ಅವನು ತನ್ನ ನಂಬರು ಹೇಳಿ, "ಇನ್ನೂ ಬೇಕಿದ್ದರೆ ಹೇಳಿ, ತಂದುಕೊಡ್ತೀನಿ" ಎಂದ.

ಕಂಡವರಿಗೆಲ್ಲ 'ಕೋಳಿಗಳನ್ನು ಉಳಿಸಿದೆವು' ಎಂದು ಹೇಳಿಕೊಂಡು ಬಂದಿದ್ದೇವೆ. ಡ್ರೈವರಿನ ಲೆಕ್ಕದಲ್ಲಿ ನಾನು ಒಬ್ಬ ಗಿರಾಕಿ. ಎರಡೂ ನಿಜ.

ಮಗಳು ಹೆಸರಿಟ್ಟಳು: ಮೊಸರು, ಹತ್ತಿ, ಬೆಳ್ಳಿ, ಮಲ್ಲಿಗೆ. ನಾಲ್ಕೂ ಬಿಳಿ, ನಾಲ್ಕರ ಕೊಕ್ಕಿನ ತುದಿಯೂ ಮರಿಯಾಗಿದ್ದಾಗಲೇ ಸುಟ್ಟು ಮೊಂಡು ಮಾಡಿದ್ದು. ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕಬಾರದೆಂದು ಫಾರ್ಮುಗಳಲ್ಲಿ ಹಾಗೆ ಮಾಡುತ್ತಾರೆ. ಇಂಥ ಕೋಳಿ ಸುಮಾರು 18ರಿಂದ 20 ವಾರಕ್ಕೆ ಮೊಟ್ಟೆ ಇಡಲು ಶುರುಮಾಡಿ ವರ್ಷಕ್ಕೆ 300ರ ಆಸುಪಾಸು ಇಡುತ್ತದೆ. ಅದರ ಮೂಲಪುರುಷನಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು. 72 ವಾರ ದಾಟಿ ಮೊಟ್ಟೆ ಇಳಿಮುಖವಾದರೆ ತಿನ್ನುವ ಮೇವಿನ ಖರ್ಚು ಗಿಟ್ಟುವುದಿಲ್ಲ, ಲಾಟಿಗೆ ಲಾಟೇ ಮಾರಾಟವಾಗುತ್ತದೆ. ನಮ್ಮವು ಹಾಗೆ ಹೊರಟವು.

ಇಳಿಸಿದ ದಿನ ಅವುಗಳ ಕಾಲು ನೋಡಿ ಗಾಬರಿಯಾಯಿತು. ಉಗುರುಗಳು ಉದ್ದಕ್ಕೆ ಬೆಳೆದು ಕುಡುಗೋಲಿನಂತೆ ಬಾಗಿದ್ದವು. ಮೊಸರಿನ ಒಂದು ಬೆರಳು ಉಗುರಿನ ಭಾರಕ್ಕೆ ಪಕ್ಕಕ್ಕೆ ತಿರುಗಿತ್ತು. ಹೆಜ್ಜೆ ಇಟ್ಟರೆ ಸಿಮೆಂಟಿನ ಮೇಲೆ ಕಟಕಟ ಸದ್ದು. ಊರಿನ ಕೋಳಿಯ ಕಾಲು ನನಗೆ ಗೊತ್ತು. ಅದು ತಿಪ್ಪೆ ಕೆದಕುವ ಕಾಲು, ಉಗುರು ಮೊಂಡಾಗಿ ಗಟ್ಟಿಯಾಗಿ ಇರುತ್ತದೆ. ಪಂಜರದ ಕೋಳಿ ನಿಂತದ್ದು ತಂತಿಯ ಮೇಲೆ. ಇಟ್ಟ ಮೊಟ್ಟೆ ಉರುಳಿ ಮುಂದಕ್ಕೆ ಬರಲೆಂದು ಆ ತಂತಿನೆಲ ಇಳಿಜಾರು ಬೇರೆ. ಒಂದೊಂದು ಕೋಳಿಗೆ ಸಿಗುವ ಜಾಗ ನಮ್ಮ ದೇಶದಲ್ಲಿ ಸಾಮಾನ್ಯವಾಗಿ 450 ಚದರ ಸೆಂಟಿಮೀಟರಿನ ಹತ್ತಿರ. ನೀವು ಪ್ರಿಂಟು ತೆಗೆಯುವ ಎ4 ಕಾಗದ 620 ಚದರ ಸೆಂಟಿಮೀಟರಿಗೂ ಹೆಚ್ಚು. ಕೆದಕಲು ಏನೂ ಇಲ್ಲದ ಕಡೆ ಉಗುರು ಸವೆಯುವುದು ಹೇಗೆ?

ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಯುರೋಪಿನ ಒಕ್ಕೂಟ 1999ರಲ್ಲಿ ಮೊಟ್ಟೆಕೋಳಿಗಳ ಬಗ್ಗೆ ಒಂದು ನಿರ್ದೇಶನ ಹೊರಡಿಸಿತು. ಅದರ ಪ್ರಕಾರ ಬರಿಯ ತಂತಿಪಂಜರಗಳು 2012ರ ಜನವರಿ 1ರಿಂದ ಅಲ್ಲಿ ನಿಷಿದ್ಧ. ಆ ನಿರ್ದೇಶನದಲ್ಲಿ ಪಂಜರದೊಳಗೆ ಉಗುರು ಸವೆಸುವ ಸಾಧನ ಇರಬೇಕೆಂಬ ಮಾತೂ ಇದೆ. ಅಂದರೆ ಒರಟಾದ ಪಟ್ಟಿ, ಉಪ್ಪುಕಾಗದದಂಥದ್ದು. ಸುಧಾರಿಸಿದ ಪಂಜರದಲ್ಲಿ ಕುಕ್ಕಲು ಕೆದಕಲು ಒಂದಿಷ್ಟು ಹೊಟ್ಟು ಹಾಕಬೇಕೆಂದೂ ಇದೆ, ಅದನ್ನು ಮರೆಮಾಚಬಾರದು. ಆದರೂ ಆ ಸಾಲು ಓದಿದಾಗ ಅವ್ವನ ಮಾತು ನೆನಪಾಯಿತು. ಉಗುರು ಏಕೆ ಬೆಳೆಯುತ್ತದೆಂದು ಕಾನೂನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಮಣ್ಣಿನ ಜಾಗಕ್ಕೆ ಪಟ್ಟಿ ಅಂಟಿಸಿದರು. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನು ಓಡಾಡಲು ಸಾಲದಷ್ಟು ಚಿಕ್ಕ ಪಂಜರದಲ್ಲಿ ಪ್ರಾಣಿಯನ್ನಿಡುವುದು ಅಪರಾಧ ಎನ್ನುತ್ತದೆ. 2017ರ ಜುಲೈನಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಪೂರ್ತಿ ಕೋಳಿಗಳ ಸಾಗಣೆ ಮತ್ತು ಸಾಕಣೆಗೇ ಮೀಸಲಿಟ್ಟಿತು. ಕಾಗದದ ಮೇಲೆ ಕೋಳಿಗೆ ನಾವು ಕೊಟ್ಟ ಜಾಗ, ನೆಲದ ಮೇಲೆ ಕೊಟ್ಟದ್ದಕ್ಕಿಂತ ದೊಡ್ಡದು.

ಉಗುರು ಕತ್ತರಿಸುವುದು ಸುಲಭದ ಕೆಲಸವಲ್ಲ. ಉಗುರಿನೊಳಗೆ ರಕ್ತನಾಳವಿರುವ ಹಸಿ ಭಾಗವಿದೆ. ಬಿಳಿ ಉಗುರಾದರೆ ಹಿಂದಿನಿಂದ ಟಾರ್ಚು ಬಿಟ್ಟಾಗ ಅದು ನಸುಗೆಂಪಾಗಿ ಕಾಣುತ್ತದೆ. ಅದಕ್ಕಿಂತ ಮುಂದೆ ಮಾತ್ರ ಕತ್ತರಿ ಇಡಬೇಕು. ಬಹಳ ದಿನ ಬೆಳೆದ ಉಗುರಿನಲ್ಲಿ ಹಸಿ ಭಾಗವೂ ಮುಂದೆ ಬಂದಿರುವುದರಿಂದ ಒಂದೇ ಸಲಕ್ಕೆ ಪೂರ್ತಿ ಕತ್ತರಿಸುವಂತಿಲ್ಲ. ಚೂರು ಕತ್ತರಿಸಿ, ಅದು ಹಿಂದೆ ಸರಿಯಲು ಬಿಟ್ಟು, ಮತ್ತೆ ಚೂರು. ಇದೆಲ್ಲ ಗೊತ್ತಿದ್ದೂ ಮೊದಲ ದಿನ ಮೊಸರಿನ ಹಿಂಬೆರಳಲ್ಲಿ ತಪ್ಪಿದೆ. ಅದು ಒಮ್ಮೆ ಕಿರುಚಿತು, ರಕ್ತ ಬಂತು. ಕಾರ್ನ್‌ಫ್ಲೋರ್ ಒತ್ತಿ ಹಿಡಿದೆ. ಎರಡು ಮೂರು ನಿಮಿಷದಲ್ಲಿ ನಿಂತಿತು. ನನ್ನ ಕೈ ನಡುಗುವುದು ನಿಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

"ಅಪ್ಪ, ಅದಕ್ಕೆ ನಾವು ಒಳ್ಳೇದು ಮಾಡ್ತಿದ್ದೀವಿ ಅಂತ ಗೊತ್ತಾ?" ಮಗಳು ಕೇಳಿದಳು.

ಗೊತ್ತಿಲ್ಲ. ಗೊತ್ತುಮಾಡಲು ದಾರಿಯೂ ಇಲ್ಲ. ಅದರ ಮಟ್ಟಿಗೆ ದೊಡ್ಡ ಪ್ರಾಣಿಯೊಂದು ಹಿಡಿದು, ಅಲುಗದಂತೆ ಸುತ್ತಿ, ಕಾಲಿಗೆ ಕಬ್ಬಿಣ ಇಟ್ಟಿತು. ಫಾರ್ಮಿನಲ್ಲಿ ಕೊಕ್ಕು ಸುಟ್ಟವನ ಕೈಗೂ ನನ್ನ ಕೈಗೂ ಆ ಕ್ಷಣ ಕೋಳಿ ಏನು ವ್ಯತ್ಯಾಸ ಕಂಡಿದ್ದೀತು? 'ನಿನ್ನ ಒಳ್ಳೇದಕ್ಕೇ' ಎಂದು ಬಲವಂತ ಮಾಡಿದವರಲ್ಲಿ ಅಪ್ಪಂದಿರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಸರ್ಕಾರಗಳಿವೆ, ನನ್ನಂಥ ಮ್ಯಾನೇಜರುಗಳೂ ಇದ್ದೇವೆ. ಎಲ್ಲರ ಉದ್ದೇಶವೂ ಒಳ್ಳೆಯದೇ ಆಗಿತ್ತು, ಅವರ ಬಾಯಲ್ಲಿ. ಹಾಗಾಗಿ ಉದ್ದೇಶವೊಂದನ್ನೇ ಅಳತೆಗೋಲಾಗಿ ಹಿಡಿಯಲು ಮನಸ್ಸಾಗಲಿಲ್ಲ.

ಆ ವಾರ ನನಗೆ ಹೊಳೆದ ಅಳತೆ ಇದು: ಒಳ್ಳೆಯ ಬಲವಂತ ತನ್ನ ಅಗತ್ಯವನ್ನು ತಾನೇ ಇಲ್ಲವಾಗಿಸುತ್ತ ಹೋಗಬೇಕು. ಇಂದು ಉಗುರು ಕತ್ತರಿಸಿದ್ದರಿಂದ ನಾಳೆ ಕೋಳಿ ನೆಟ್ಟಗೆ ನಡೆದೀತು, ನೆಟ್ಟಗೆ ನಡೆದರೆ ಮಣ್ಣು ಕೆದಕೀತು, ಕೆದಕಿದರೆ ಮುಂದೆ ನನ್ನ ಕತ್ತರಿ ಬೇಕಾಗದು. ಪಂಜರದ ಪಟ್ಟಿ ಹಾಗಲ್ಲ. ಅದು ಕೊನೆಯವರೆಗೂ ಬೇಕು, ಅದರಿಂದ ಪಂಜರವೇ ಇನ್ನಷ್ಟು ಗಟ್ಟಿಯಾಗುತ್ತದೆ.

ಅಳತೆ ಸರಿಯಾಗಿಯೇ ಕೆಲಸ ಮಾಡಿತು. ಮೊದಲೆರಡು ದಿನ ಕೋಳಿಗಳು ಸಿಮೆಂಟಿನ ಮೇಲಿಂದ ಮಣ್ಣಿಗೆ ಕಾಲಿಡಲಿಲ್ಲ. ಮೂರನೇ ದಿನ ಹತ್ತಿ ಇಳಿದಳು. ಕಾಲಿಂದ ಎರಡು ಸಲ ಕೆರೆದು, ಹಿಂದೆ ಸರಿದು, ಕೆರೆದ ಜಾಗವನ್ನು ಬಗ್ಗಿ ನೋಡಿದಳು. ಯಾರೂ ಕಲಿಸಿರಲಿಲ್ಲ. ವಾರದೊಳಗೆ ನಾಲ್ಕೂ ದಾಳಿಂಬೆ ಗಿಡದ ಬುಡದಲ್ಲಿ ಗುಂಡಿ ತೋಡಿ, ಅದರಲ್ಲಿ ಮಗ್ಗುಲಾಗಿ ಬಿದ್ದು, ರೆಕ್ಕೆ ಬಿಚ್ಚಿ ಮೈಮೇಲೆ ಧೂಳು ಎರಚಿಕೊಳ್ಳತೊಡಗಿದವು. ಅವ್ವ ಫೋನಿನಲ್ಲೇ ಹೇಳಿ ಆ ಗುಂಡಿಗೆ ಒಲೆಬೂದಿ ಹಾಕಿಸಿದರು, ಹೇನು ಆಗಬಾರದೆಂದು. ಧೂಳಿನ ಕಣವೂ ಇಲ್ಲದ ತಂತಿನೆಲದ ಮೇಲೂ ಕೋಳಿ ಈ ಸ್ನಾನದ ಅಭಿನಯ ಮಾಡುತ್ತದಂತೆ. ಕೂತು, ರೆಕ್ಕೆ ಅಲುಗಿಸಿ, ಇಲ್ಲದ ಮಣ್ಣನ್ನು ಮೈಗೆ ಹಾಕಿಕೊಳ್ಳುತ್ತದೆ. ಅದನ್ನು ಓದಿದ ದಿನ ಊಟ ಸೇರಲಿಲ್ಲ. ನಾಲ್ಕು ತಿಂಗಳ ಹೊತ್ತಿಗೆ ಮೂರು ಕೋಳಿಗಳಿಗೆ ಕತ್ತರಿಯೇ ಬೇಕಾಗಲಿಲ್ಲ. ಬೆರಳು ತಿರುಗಿದ ಮೊಸರಿಗೆ ಮಾತ್ರ ಆಗೀಗ. ಅವ್ವನ ಮಾತು ಗೆದ್ದಿತು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ಐದನೇ ತಿಂಗಳು ಹತ್ತಿ ಸೊರಗಿದಳು. ಮೇವು ತಿನ್ನುತ್ತಿದ್ದಳು, ಮೈ ಹಿಡಿಯುತ್ತಿರಲಿಲ್ಲ. ಜುಟ್ಟು ಬಿಳಿಚಿಕೊಂಡಿತು. ಎತ್ತಿದರೆ ಎದೆಮೂಳೆ ಚಾಕುವಿನ ಅಲಗಿನಂತೆ ಕೈಗೆ ತಾಗುತ್ತಿತ್ತು. ಒಂದು ಬೆಳಗ್ಗೆ ಹಿಕ್ಕೆಯಲ್ಲಿ ಬಿಳಿ ದಾರದಂಥದ್ದು ಕಂಡಿತು. ಪಶುವೈದ್ಯರ ಹತ್ತಿರ ಒಯ್ದೆವು. ಅವರು ಹಿಕ್ಕೆಯನ್ನು ಗಾಢ ಉಪ್ಪುನೀರಿನಲ್ಲಿ ಕಲಸಿ ಇಟ್ಟರು. ಹುಳದ ಮೊಟ್ಟೆ ಹಗುರ, ಮೇಲೆ ತೇಲಿ ಬರುತ್ತದೆ. ಅದನ್ನು ಗಾಜಿನ ಮೇಲೆ ತೆಗೆದು ಸೂಕ್ಷ್ಮದರ್ಶಕದಲ್ಲಿ ಮಗಳಿಗೂ ತೋರಿಸಿದರು. ಅಂಡಾಕಾರದ, ದಪ್ಪ ಸಿಪ್ಪೆಯ, ಅಚ್ಚುಕಟ್ಟಾದ ಮೊಟ್ಟೆಗಳು. "ಇದೂ ಮೊಟ್ಟೆನೇ!" ಎಂದಳು ಮಗಳು. ಅಸ್ಕರಿಡಿಯಾ ಗ್ಯಾಲಿ ಎಂಬ ದುಂಡುಹುಳ, ಕೋಳಿಯ ಸಣ್ಣಕರುಳಿನ ನಿವಾಸಿ. ಹಿಕ್ಕೆಯ ಜೊತೆ ಹೊರಬಿದ್ದ ಮೊಟ್ಟೆ ಹಸಿಮಣ್ಣಿನಲ್ಲಿ ಕೆಲವು ವಾರಗಳಲ್ಲಿ ಹದಕ್ಕೆ ಬಂದು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಕೆದಕುವ ಕೋಳಿ ಅದನ್ನು ನುಂಗುತ್ತದೆ, ಅದನ್ನು ಹೊತ್ತ ಎರೆಹುಳವನ್ನೂ ನುಂಗುತ್ತದೆ.

ವೈದ್ಯರು ಮಾತಿನ ನಡುವೆ ಹೇಳಿದರು: ತಂತಿಪಂಜರದಲ್ಲಿ ಈ ಕಾಟ ಬಹಳ ಕಡಿಮೆ. ಹಿಕ್ಕೆ ಕೆಳಗೆ ಬೀಳುತ್ತದೆ, ಕೋಳಿಗೂ ಅದಕ್ಕೂ ಸಂಪರ್ಕವಿಲ್ಲ. ಪಂಜರಗಳು ಜನಪ್ರಿಯವಾಗಲು ಅದೂ ಒಂದು ಕಾರಣ.

ಉಗುರು ಸವೆಸಿದ ಮಣ್ಣೇ ಹುಳವನ್ನೂ ಕೊಟ್ಟಿತ್ತು. ಹುಳ ಬರದಂತೆ ಕಾದ ಪಂಜರವೇ ಉಗುರನ್ನು ಕುಡುಗೋಲು ಮಾಡಿತ್ತು. ಮನೆಗೆ ಬರುವ ದಾರಿಯಲ್ಲಿ ನಾನು ಮಾತಾಡಲಿಲ್ಲ.

ಪಂಜರದ ಪರವಾದ ವಾದವನ್ನು ಅದರ ಪೂರ್ತಿ ಬಲದಲ್ಲಿ ಕೇಳಿಸಿಕೊಳ್ಳಬೇಕು ಅನ್ನಿಸಿತು. ಅಲ್ಲಿ ನಾಯಿ ಬರುವುದಿಲ್ಲ, ಮಳೆ ಬೀಳುವುದಿಲ್ಲ, ಹೊತ್ತಿಗೆ ಸರಿಯಾಗಿ ಮೇವು, ಹುಳ ಕಡಿಮೆ. ನನ್ನ ಹಿತ್ತಿಲಿನಲ್ಲಿ ಈ ಎಲ್ಲ ಅಪಾಯವೂ ಇದೆ. ಹಾಗಾದರೆ ನಾನು ಕೊಟ್ಟದ್ದು ಏನು? ನನ್ನ ಕಣ್ಣಿಗೆ ಚಂದವಾಗಿ ಕಾಣುವ ಒಂದು ಚಿತ್ರವೇ? ಕೋಳಿ ಮಣ್ಣಲ್ಲಿ ಹೊರಳಾಡುವುದನ್ನು ನೋಡಿ ಕಾಫಿ ಕುಡಿಯುವ ಸುಖ ನನ್ನದು, ಕರುಳಿನ ಹುಳ ಅದರದು. ಊರು ಬಿಟ್ಟು ಬಂದ ನಮಗೆ ಮಣ್ಣಿನ ವಿಷಯದಲ್ಲಿ ಈ ದೌರ್ಬಲ್ಯ ಸ್ವಲ್ಪ ಜಾಸ್ತಿಯೇ. ನಾವು ನೆನೆಸಿಕೊಳ್ಳುವ ಮಣ್ಣಿನಲ್ಲಿ ಹುಳವಿರುವುದಿಲ್ಲ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಓಡಾಡಿ ಜಂತುಹುಳುವಿನ ಮಾತ್ರೆ ನುಂಗಿದ್ದು ನಮಗೆ ಮರೆತೇಹೋಗಿದೆ.

ಎರಡು ವಾರ ತಲೆ ಕೆಡಿಸಿಕೊಂಡು ಕಂಡುಕೊಂಡದ್ದನ್ನು ಹೇಳುತ್ತೇನೆ. ಕಷ್ಟ ಎರಡೂ ಕಡೆ ಇದೆ. ಅದನ್ನು ಹೊರುವವರು ಯಾರು ಎಂಬುದರಲ್ಲಿ ವ್ಯತ್ಯಾಸ. ಪಂಜರದಲ್ಲಿ ಮಾಲೀಕನ ಚಿಂತೆ ಇಳಿಯುತ್ತದೆ. ಇಳಿದ ಭಾರವನ್ನೆಲ್ಲ ಕೋಳಿ ತನ್ನ ಕಾಲು, ರೆಕ್ಕೆ, ಮೂಳೆಗಳಲ್ಲಿ ಹೊರುತ್ತದೆ. ಹಿತ್ತಿಲಿನಲ್ಲಿ ಕೋಳಿಗೆ ಕೋಳಿಯಾಗಿರಲು ಬಿಟ್ಟದ್ದಕ್ಕೆ ಬರುವ ಭಾರವನ್ನು ನಾನು ಹೊರಬೇಕು. ಗೂಡಿನ ಹೊಟ್ಟು ಬದಲಿಸುವುದು, ಹಿಕ್ಕೆ ಬಳಿಯುವುದು, ನೆಲ ಒಣಗಿಸುವುದು, ಕೆಲವು ತಿಂಗಳಿಗೊಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸುವುದು, ತೂಕ ನೋಡಿ ವೈದ್ಯರು ಹೇಳಿದಷ್ಟೇ ಔಷಧ ಕೊಡುವುದು. ಇವನ್ನು ಮಾಡದೆ ಬರೀ ಮಣ್ಣಿಗೆ ಬಿಟ್ಟರೆ ನಾನು ಟೆಂಪೋ ಡ್ರೈವರಿಗಿಂತ ಮೇಲೇನಲ್ಲ. ಉಳಿಸುವುದು ರಸ್ತೆಯ ಅಂಚಿನಲ್ಲಿ ಐದು ನಿಮಿಷದಲ್ಲಿ ಆಗುವ ಕೆಲಸ ಎಂದುಕೊಂಡಿದ್ದೆ. ಅದು ವರ್ಷಗಳ ಕೆಲಸ. ನನ್ನ ಮೊದಲಿನ ಅಳತೆಯೂ ಇಲ್ಲಿ ಸಾಲದಾಯಿತು. ಉಗುರಿನ ಕತ್ತರಿ ಒಂದು ದಿನ ಬೇಡವಾಗಬಹುದು, ಹುಳದ ಔಷಧ ಮಣ್ಣಿರುವವರೆಗೂ ಬೇಕು. ಕೆಲವು ಹೊಣೆಗಳಿಗೆ ಡೆಲಿವರಿ ಡೇಟ್ ಇರುವುದಿಲ್ಲ. ಪ್ರಾಜೆಕ್ಟ್ ಮ್ಯಾನೇಜರಿಗೆ ಇದು ಒಪ್ಪಲು ಕಷ್ಟದ ಮಾತು.

ಇನ್ನು ಹುಳದ ಪ್ರಶ್ನೆ. ಅದನ್ನೂ ಎತ್ತಿದ್ದು ಮಗಳೇ. "ಔಷಧಿ ಕೊಟ್ಟರೆ ಹುಳಕ್ಕೆ ಏನಾಗತ್ತಪ್ಪ?"

ಓದಿ ಹೇಳಿದೆ. ಪಿಪೆರಜೀನ್ ಎಂಬ ಹಳೆಯ ಔಷಧ ಹುಳದ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಕರುಳಿನಲ್ಲಿ ನಿಲ್ಲಲಾರದೆ ಅದು ಹೊರಬೀಳುತ್ತದೆ. ನಮ್ಮ ವೈದ್ಯರು ಬರೆದುಕೊಟ್ಟ ಫೆನ್‌ಬೆಂಡಜೋಲ್ ಹುಳದ ಜೀವಕೋಶದ ಟ್ಯುಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಸಕ್ಕರೆ ಹೀರುವ ಅದರ ಶಕ್ತಿಯನ್ನು ಕೆಡಿಸುತ್ತದೆ. ಆಹಾರದ ನಡುವೆಯೇ ಅದು ಹಸಿದು ಸಾಯುತ್ತದೆ. ಮಗಳು "ಛೆ" ಎಂದಳು. ಆಮೇಲೆ ಹತ್ತಿಯ ಎದೆಮೂಳೆ ಮುಟ್ಟಿ ನೋಡಿ, "ಕೊಡು" ಎಂದಳು.

ಆಲ್ಬರ್ಟ್ ಶ್ವೈಟ್ಜರ್ ಆಫ್ರಿಕಾದ ಲಾಂಬರೆನೆಯಲ್ಲಿ ಆಸ್ಪತ್ರೆ ಕಟ್ಟಿದ ವೈದ್ಯ, ಎಲ್ಲ ಜೀವವನ್ನೂ ಗೌರವಿಸಬೇಕೆಂದು ಬರೆದ ಚಿಂತಕ. ತನ್ನ ಆತ್ಮಕಥನದಲ್ಲಿ ಅವರು ಇದೇ ಇಕ್ಕಟ್ಟನ್ನು ಹೇಳಿಕೊಂಡಿದ್ದಾರೆ. ಊರವರ ಕೈಯಿಂದ ಒಂದು ಮೀನುಹದ್ದಿನ ಮರಿಯನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಬಿಡಿಸಿಕೊಂಡ ಮೇಲೆ, ಅದನ್ನು ಉಪವಾಸ ಕೆಡವುವುದೋ ಅದಕ್ಕಾಗಿ ದಿನವೂ ಮೀನುಗಳನ್ನು ಕೊಲ್ಲುವುದೋ ಎಂದು ತೀರ್ಮಾನಿಸಬೇಕಾಗುತ್ತದೆ. ಅವರು ಮೀನನ್ನು ಕೊಡುತ್ತಾರೆ, ಆದರೆ ಪ್ರತಿದಿನವೂ ಅದು ಅವರಿಗೆ ಭಾರವೇ. ನಿದ್ರಾರೋಗದ ಹೊಸ ಔಷಧಗಳಿಗಾಗಿ ಸಂತೋಷಪಡುವ ಅವರಿಗೆ ಸೂಕ್ಷ್ಮದರ್ಶಕದಲ್ಲಿ ಆ ರೋಗಾಣುಗಳನ್ನು ಕಂಡಾಗಲೂ ಒಂದು ಜೀವಕ್ಕಾಗಿ ಇನ್ನೊಂದನ್ನು ಕೊಲ್ಲುತ್ತಿದ್ದೇನೆಂಬ ಅರಿವು ಬಿಡುವುದಿಲ್ಲ. ದುಡ್ಡು ಕೊಟ್ಟದ್ದು, ಸೂಕ್ಷ್ಮದರ್ಶಕ: ನನ್ನ ಕಥೆಯನ್ನೇ ಯಾರೋ ಮೊದಲೇ ಬರೆದಿಟ್ಟಂತಿತ್ತು. ಲೆಕ್ಕ ಹಾಕಿ ಕೈತೊಳೆದುಕೊಳ್ಳುವ ಸೂತ್ರವನ್ನು ಅವರು ಕೊಡುವುದಿಲ್ಲ.

ನಮ್ಮಲ್ಲಿ ಇದಕ್ಕೂ ಹಳೆಯ ಕಥೆ ಇದೆ, ಅದರಲ್ಲಿ ಕೋಳಿಯೇ ಇದೆ. ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕಕ್ಕೂ ಅದೇ ಮೂಲ. ಕೆಟ್ಟ ಕನಸಿನ ದೋಷ ಕಳೆಯಲು ಬಲಿ ಕೊಡು ಎಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ, ಜೈನನಾದ ಯಶೋಧರ ಒಪ್ಪುವುದಿಲ್ಲ. ಕೊನೆಗೆ ರಾಜಿ: ಹಿಟ್ಟಿನಿಂದ ಮಾಡಿದ ಹುಂಜದ ಬಲಿ. ಜೀವವಿಲ್ಲದ ಹಿಟ್ಟನ್ನು ಕಡಿದದ್ದಕ್ಕೆ ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಅಲೆಯುತ್ತಾರೆ, ಕೊನೆಗೆ ಕೋಳಿಗಳಾಗಿಯೂ ಹುಟ್ಟುತ್ತಾರೆ. ಕೊಲ್ಲುವ ಸಂಕಲ್ಪವೇ ಹಿಂಸೆ. ಪಿಯುಸಿಯಲ್ಲಿದ್ದಾಗ ಈ ಶಿಕ್ಷೆ ಅತಿಯಾಯಿತು ಅನ್ನಿಸಿತ್ತು. ಹಿಟ್ಟಿಗೆ ಇಷ್ಟೊಂದು ದಂಡವೇ?

ಈಗ ಬೇರೆ ರೀತಿ ಕಾಣುತ್ತದೆ. ಯಶೋಧರ ತನಗೆ ತಾನೇ ಹೇಳಿಕೊಂಡದ್ದು 'ಇದು ಬರೀ ಹಿಟ್ಟು' ಎಂದು. ಕತ್ತಿ ಎತ್ತಿದ ಕೈಗೆ ಆ ಮಾತು ಸಮಾಧಾನ ಕೊಟ್ಟಿತು. ನಾವೂ ಒಂದೊಂದಕ್ಕೆ ಹಿಟ್ಟಿನ ಲೇಪ ಕೊಡುತ್ತೇವೆ, ಮಾತಿನಿಂದ. 'ಡಿವರ್ಮಿಂಗ್' ಅನ್ನುತ್ತೇವೆ. ಕೊಲ್ಲುವುದು ಅನ್ನುವುದಿಲ್ಲ. 'ಕಲ್ ಬರ್ಡ್' ಅನ್ನುತ್ತಾರೆ, 'ಮಾಲು' ಅನ್ನುತ್ತಾರೆ. ಅವನು ಜೀವವಿಲ್ಲದ್ದನ್ನು ಜೀವವೆಂದು ಭಾವಿಸಿ ಕಡಿದ. ನಾವು ಜೀವವಿರುವುದನ್ನು ಇಲ್ಲವೆಂದು ಭಾವಿಸಿ ಕಡಿಯುತ್ತೇವೆ. ಯಾವುದು ದೊಡ್ಡ ದೋಷವೋ ಜನ್ನನನ್ನೇ ಕೇಳಬೇಕು.

ಹುಳವನ್ನು ಕೊಂದೆ. ಮುಂದೆಯೂ ಕೊಲ್ಲುತ್ತೇನೆ. ಹತ್ತಿಯ ನೋವು ನನ್ನ ಕೈಗೆ ತಿಳಿಯುತ್ತಿತ್ತು, ಹುಳದ್ದು ತಿಳಿಯುತ್ತಿರಲಿಲ್ಲ. ಅವಳನ್ನು ಆ ಮಣ್ಣಿಗೆ ಇಳಿಸಿದವನೂ ನಾನೇ. ಕೈ ಹಿಡಿದವರ ಹೊಣೆ ಮೊದಲು. ಇದು ಕಾರಣ ಹೌದು, ಮಾಫಿಪತ್ರವಲ್ಲ. ಕೊಲ್ಲುವಾಗ ಕೊಲ್ಲುತ್ತಿದ್ದೇನೆ ಎಂದೇ ಹೇಳಿಕೊಂಡರೆ ಅಗತ್ಯಕ್ಕಿಂತ ಹೆಚ್ಚು ಕೊಲ್ಲದಂತೆ ಅದು ತಡೆದೀತು. ಹೊತ್ತು ಗೊತ್ತಿಲ್ಲದೆ ಔಷಧ ಸುರಿಯದೆ, ಪರೀಕ್ಷೆ ಮಾಡಿಸಿ, ಬೇಕಾದಾಗ ಮಾತ್ರ.

ಔಷಧ ಕೊಟ್ಟ ದಿನಗಳಲ್ಲಿ ಮೊಟ್ಟೆ ತಿನ್ನಬಾರದು ಎಂದಿದ್ದರು ವೈದ್ಯರು. ನಮ್ಮ ಮುದಿ ಕೋಳಿಗಳು ಆಗೀಗ ಇಡುವ ಮೊಟ್ಟೆಗಳಲ್ಲಿ ಮನೆಗೆಲಸಕ್ಕೆ ಬರುವ ಮಾವಶಿಗೂ ಕೊಡುವ ಅಭ್ಯಾಸ. ಆ ವಾರ ಬುಟ್ಟಿಯಲ್ಲಿ ಐದು ಮೊಟ್ಟೆ ಉಳಿದಿದ್ದವು. "ಅವರಿಗಾದರೂ ಕೊಡೋಣವಾ, ಸುಮ್ಮನೆ ಎಸೆಯೋದು ಯಾಕೆ" ಎಂದು ನನ್ನ ಬಾಯಿಂದಲೇ ಬಂತು. ಹೆಂಡತಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ನಾವು ತಿನ್ನಬಾರದ್ದನ್ನು ಮಾವಶಿ ತಿನ್ನಬಹುದೇ? ಕೋಳಿಯ ಕರುಳಿನ ಬಗ್ಗೆ ಅಷ್ಟು ಯೋಚಿಸಿದವನಿಗೆ ಮನುಷ್ಯರ ಬಗ್ಗೆ ಅರೆಕ್ಷಣದ ಎಚ್ಚರವೂ ಇರಲಿಲ್ಲ. ಮೊಟ್ಟೆಗಳನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ. ಆ ಮಾತು ಈಗಲೂ ಚುಚ್ಚುತ್ತದೆ.

ಅದಕ್ಕಿಂತಲೂ ಚುಚ್ಚುವುದು ಇನ್ನೊಂದಿದೆ. ಇಷ್ಟು ಹೊತ್ತು ಕೋಳಿಯ ಮರೆಯಲ್ಲಿ ಅದನ್ನು ಹೇಳದೆ ಉಳಿಸಿಕೊಂಡೆ.

ಗೆಳೆಯನೊಬ್ಬ ನನ್ನ ಬಿಲ್ಲುಗಳನ್ನು ಕೂಡಿಸಿ ನಕ್ಕಿದ್ದ. ನೂರು ರೂಪಾಯಿಯ ಕೋಳಿಗೆ ವೈದ್ಯರು, ಔಷಧ, ಓಡಾಟ ಸೇರಿ ಸಾವಿರ ದಾಟಿತ್ತು. "ಮೊಟ್ಟೆಯೂ ಇಡದ ಕೋಳಿಗೆ?" ಎಂದ. ಮೊಟ್ಟೆ ನಿಂತಿತೆಂದು ಕೋಳಿಯ ಬೆಲೆ ನಿಲ್ಲುವುದಿಲ್ಲ ಎಂದು ದೊಡ್ಡ ಭಾಷಣ ಮಾಡಿದೆ. ಅದೇ ವಾರ ಆಫೀಸಿನಲ್ಲಿ ಒಂದು ಪ್ರಾಜೆಕ್ಟು ಮುಗಿದಿತ್ತು. ಎರಡು ಹೆಸರು ಕೊಡಿ ಎಂದರು. ಕೊಟ್ಟೆ. ಅದರಲ್ಲೊಬ್ಬರು ನನಗಿಂತ ನಾಲ್ಕು ವರ್ಷ ಹಿರಿಯರು, ಹಳೇ ಪದ್ಧತಿಯ ಟೆಸ್ಟಿಂಗ್ ಬಲ್ಲವರು, ಹೊಸ ಟೂಲ್ ಕಲಿಯುವುದು ತಡವಾದವರು. ಯುಟಿಲೈಸೇಷನ್ ಕಾಲಮ್ಮಿನಲ್ಲಿ ಅವರ ಅಂಕಿ ಕೆಳಗಿತ್ತು. ಕೋಳಿಯನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದ ಕೈಯೇ ಆ ಹೆಸರನ್ನು ಟೈಪ್ ಮಾಡಿತು. ನಮ್ಮಲ್ಲಿ ಅದಕ್ಕೆ 'ರಿಲೀಸ್' ಎನ್ನುತ್ತಾರೆ. ಬಿಡುಗಡೆ! ಪಂಜರದಿಂದ ಕೋಳಿಯನ್ನು ಬಿಡಿಸಿದ್ದಕ್ಕೂ ಅದೇ ಪದ.

ಕೋಳಿಗೆ ದಯೆ ತೋರುವುದು ನನಗೆ ಸುಲಭವಾಗಿತ್ತು. ಹಿತ್ತಿಲಿನಲ್ಲಿ ನನ್ನ ಮೇಲೆ ಯಾರೂ ಇಲ್ಲ, ನನ್ನ ಕೆಲಸಕ್ಕೆ ಅಪಾಯವೂ ಇಲ್ಲ. ಕೈ ತಾಗಿದ ಕಡೆ ಹೊಣೆ ಇದೆ ಎಂಬುದು ನನ್ನ ಮಾತಾದರೆ ಆ ಪಟ್ಟಿಗೂ ನನ್ನ ಕೈ ತಾಗಿದೆ. ಪಟ್ಟಿ ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಿದ್ದರು ಎಂಬುದು ನಿಜವಿರಬಹುದು. ಅದು ನನ್ನ ಹಿಟ್ಟು. ಹೆಸರು ಬರೆಯುವ ಮೊದಲು ಅವರನ್ನು ಕೂರಿಸಿಕೊಂಡು ಒಂದು ಮಾತು ಹೇಳಬಹುದಿತ್ತು, ಟೂಲ್ ಕಲಿಯಲು ಎರಡು ತಿಂಗಳು ಕೇಳಬಹುದಿತ್ತು. ಕೇಳಲಿಲ್ಲ.

ಮೂರು ವಾರ ತಡವಾಗಿ ಫೋನ್ ಮಾಡಿದೆ. "ಸರ್, ಆ ಲಿಸ್ಟಿನಲ್ಲಿ ನಿಮ್ಮ ಹೆಸರು ಬರೆದದ್ದು ನಾನೇ" ಎಂದೆ. ಅವರು ಸ್ವಲ್ಪ ಹೊತ್ತಿನ ಮೇಲೆ "ಗೊತ್ತಿತ್ತು" ಎಂದರು. ಆಮೇಲೆ ಅವರ ರೆಸ್ಯೂಮ್ ತಿದ್ದುವುದರಲ್ಲಿ, ಪರಿಚಯದವರಿಗೆ ಹೇಳುವುದರಲ್ಲಿ ಕೈಲಾದದ್ದು ಮಾಡುತ್ತಿದ್ದೇನೆ. ಇನ್ನೂ ಕೆಲಸ ಸಿಕ್ಕಿಲ್ಲ. ಇದನ್ನು ಪ್ರಾಯಶ್ಚಿತ್ತವೆಂದು ಕರೆಯುವ ಧೈರ್ಯ ನನಗಿಲ್ಲ. ಬೆಳೆಯಲು ಬಿಟ್ಟ ಉಗುರನ್ನು ತಡವಾಗಿ ಕತ್ತರಿಸಹೊರಟರೆ ಹಸಿ ಭಾಗ ಮುಂದೆ ಬಂದಿರುತ್ತದೆ, ರಕ್ತ ಬರುತ್ತದೆ.

ಹತ್ತಿಯ ಹುಳ ಹೋಯಿತು, ಮೈಯೂ ಹಿಡಿಯಿತು. ಎಂಟು ತಿಂಗಳು ಚೆನ್ನಾಗಿದ್ದು ಮೊನ್ನೆ ಮಳೆಗಾಲದಲ್ಲಿ ಸತ್ತಳು. ಹೊಟ್ಟೆಯೊಳಗೆ ಮೊಟ್ಟೆ ಒಡೆದು ಸೋಂಕಾಗಿತ್ತು. ಇಷ್ಟೊಂದು ಇಡುವಂತೆ ತಳಿ ಮಾಡಿದ ಕೋಳಿಗಳಿಗೆ ಅದು ಸಾಮಾನ್ಯ ಎಂದರು ವೈದ್ಯರು. ದಾಳಿಂಬೆ ಗಿಡದ ಹತ್ತಿರ ಹೂತೆವು. ಅವ್ವ ಫೋನಿನಲ್ಲಿ, "ಎಂಟ್ ತಿಂಗ್ಳು ಮಣ್ಣಲ್ಲಿ ಆಡ್ತಲ್ಲ, ಬುಡು" ಎಂದರು. ಹಬ್ಬಕ್ಕೆ ಊರಿಗೆ ಹೋದಾಗ ಅವರು ಮಾಡಿದ ಕೋಳಿಸಾರನ್ನು ಈ ಸಲ ಬಡಿಸಿಕೊಳ್ಳಲಿಲ್ಲ. ಅವ್ವ ಒತ್ತಾಯ ಮಾಡಲಿಲ್ಲ. ತಮ್ಮ ತಟ್ಟೆಗೆ ಹಾಕಿಕೊಂಡು ಉಂಡರು. ಯಾರ ಲೆಕ್ಕ ಸರಿ ಎಂದು ಇಬ್ಬರೂ ಮಾತು ತೆಗೆಯಲಿಲ್ಲ.

ಉಳಿದ ಮೂರು ಚೆನ್ನಾಗಿವೆ. ನಾಳೆ ಬೆಳಗ್ಗೆ ಹಿಕ್ಕೆಯ ಡಬ್ಬಿ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಬೇಕು. ಸಂಜೆ ಮೊಸರಿನ ಹಿಂಬೆರಳಿನ ಉಗುರು ಚೂರು ತೆಗೆಯಬೇಕು. ಮಗಳು ಟಾರ್ಚ್ ಚಾರ್ಜಿಗೆ ಹಾಕಿದ್ದಾಳೆ.